ಸ್ತನ ಕ್ಯಾನ್ಸರ್ ಎಂದು ತಿಳಿದ ಮೇಲೆ ನೆರವನ್ನು ಹೊಂದಿಸಿಕೊಳ್ಳುವುದು ಹೇಗೆ?

ಮಂಗಳೂರು ಮತ್ತು ಮಣಿಪಾಲದಲ್ಲಿ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆ ಮೂರೂ ಸಿಗುವುದರಿಂದ ಕಾಸರಗೋಡಿನಿಂದ ಭಟ್ಕಳದವರೆಗಿನ ಕರಾವಳಿಯವರಷ್ಟೇ ಅಲ್ಲದೆ ಘಟ್ಟದ ಮೇಲಿನವರೂ ಇಲ್ಲಿಗೇ ಬರುತ್ತಾರೆ. ಚಿಕಿತ್ಸೆಗಿಂತ ಹೆಚ್ಚಾಗಿ ಕೆಡುವುದು ಮನೆಯ ಏರ್ಪಾಡು. ಗಡ್ಡೆಯ ತುಣುಕು ತೆಗೆದು ಪರೀಕ್ಷಿಸಿದ ಬಯಾಪ್ಸಿ ವರದಿ ಬಂದ ದಿನ ವೈದ್ಯರ ಕೋಣೆಯ ಹೊರಗೆ ಒಂದು ಜೀಪಿನಲ್ಲಿ ಹಿಡಿಸದಷ್ಟು ನೆಂಟರು ನಿಂತಿರುತ್ತಾರೆ. ನಾಲ್ಕನೆಯ ಕೀಮೋದ ಹೊತ್ತಿಗೆ ಅದೇ ಹೆಂಗಸು ಒಬ್ಬಳೇ ಸಿಟಿ ಬಸ್ಸಿನಿಂದ ಇಳಿದು ಬರುತ್ತಾಳೆ. ನೆಂಟರಿಗೆ ಪ್ರೀತಿ ಇಲ್ಲವೆಂದು ಇದಕ್ಕೆ ಅರ್ಥವಲ್ಲ. ಅವರ ರಜೆ, ಹಣ, ಉಮೇದು ಎಲ್ಲವೂ ಮೊದಲ ವಾರದಲ್ಲೇ ತೀರಿರುತ್ತವೆ. ಚಿಕಿತ್ಸೆಯಾದರೋ ಬಹಳ ದೀರ್ಘವಾದದ್ದು: ಕೀಮೋ ಸಾಮಾನ್ಯವಾಗಿ 2 ಅಥವಾ 3 ವಾರಕ್ಕೊಂದರಂತೆ 4ರಿಂದ 8 ಸುತ್ತು, ವಿಕಿರಣ ವಾರಕ್ಕೆ 5 ದಿನದಂತೆ 3ರಿಂದ 6 ವಾರ, ಹಾರ್ಮೋನ್ ಗುಳಿಗೆ ಬೇಕಾದವರಿಗೆ ಅದು 5ರಿಂದ 10 ವರ್ಷ. ಆದ್ದರಿಂದ ನೆರವನ್ನು ಈ ಉದ್ದಕ್ಕೆ ಸರಿಯಾಗಿ ಹಂಚಿಕೊಳ್ಳಬೇಕು, ಮತ್ತು ಹಂಚುವ ಕೆಲಸವನ್ನು ಮೊದಲ ಕೀಮೋಗೆ ಮುಂಚೆಯೇ ಮುಗಿಸಬೇಕು.

ಮೊದಲು ಕಡತ

ಎಲ್ಲ ವರದಿಗಳನ್ನು ಒಂದು ಕಡತದಲ್ಲಿಡಿ, ಅದರೊಳಗೆ ಒಂದು ನೋಟ್‌ಬುಕ್ ಇರಲಿ, ವೈದ್ಯರ ಬಳಿಗೆ ಹೋಗುವಾಗ ಬರೆದುಕೊಳ್ಳಬಲ್ಲ ಒಬ್ಬರು ಮಾತ್ರ ಜೊತೆಗಿರಲಿ. ರೋಗದ ಹಂತ, ಇಆರ್, ಪಿಆರ್, ಹೆರ್2 ಎಂಬ ಮೂರು ಪರೀಕ್ಷೆಗಳ (ಮೊದಲೆರಡು ಗಡ್ಡೆ ಹಾರ್ಮೋನಿಗೆ ಸ್ಪಂದಿಸುವುದೇ ಎಂದೂ ಮೂರನೆಯದು ಹೆರ್2 ಎಂಬ ಪ್ರೋಟೀನು ಹೆಚ್ಚಿದೆಯೇ ಎಂದೂ ತಿಳಿಸುತ್ತವೆ) ಫಲಿತಾಂಶ, ನಿಮಗೆ ನಿಗದಿಯಾದ ಚಿಕಿತ್ಸೆಯ ಕ್ರಮ ಇವಿಷ್ಟನ್ನು ಮೊದಲ ಪುಟದಲ್ಲಿ ಬರೆಯಿಸಿಕೊಳ್ಳಿ. ಇವು ಮುಂದೆ, ಇದೇ ಚಿಕಿತ್ಸೆ ಮುಗಿಸಿದ ಜೊತೆಗಾತಿಯೊಬ್ಬಳನ್ನು ಹುಡುಕುವಾಗಲೂ ಬೇಕಾಗುತ್ತವೆ.

ಹೇಳುವುದು: ಹೆಚ್ಚಿನವರು ಎಡವುವ ಜಾಗ

ನಮ್ಮ ಕಡೆ ಈ ಹಂತ ಎರಡು ಬಗೆಯಲ್ಲಿ ಹಾಳಾಗುತ್ತದೆ. ಕೆಲವರು ಯಾರಿಗೂ ಹೇಳುವುದಿಲ್ಲ. ‘ಗರ್ಭಕೋಶದ ಆಪರೇಷನ್’ ಎಂದೋ ‘ತಂಗಿಯ ಮನೆಯಲ್ಲಿ ಸ್ವಲ್ಪ ದಿನ ಇರುತ್ತೇನೆ’ ಎಂದೋ ಹೇಳಿ ಹೋಗುತ್ತಾರೆ. ಇನ್ನು ಕೆಲವರ ಮನೆಯಲ್ಲಿ, ವರದಿಯಲ್ಲಿ ಏನಿದೆ ಎಂದು ರೋಗಿಗೇ ಸರಿಯಾಗಿ ಅರ್ಥವಾಗುವ ಮೊದಲು, ಯಾರೋ ಅದರ ಫೋಟೊ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿರುತ್ತಾರೆ; ಸಂಜೆಯೊಳಗೆ ಮುಂಬೈಯಿಂದ ದುಬೈವರೆಗಿನ ನೆಂಟರೆಲ್ಲ ಫೋನ್ ಮಾಡಿ ಅಳತೊಡಗುತ್ತಾರೆ, ಆಕೆಯೇ ಅವರನ್ನು ಸಮಾಧಾನಪಡಿಸಬೇಕಾಗುತ್ತದೆ.

ಮುಚ್ಚಿಡುವವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಮಗಳ ಮದುವೆಯ ಚಿಂತೆ. ಸ್ತನ ಕ್ಯಾನ್ಸರಿನಲ್ಲಿ ವಂಶವಾಹಿಯ ದೋಷ ನೇರವಾಗಿ ತಂದೆತಾಯಿಯಿಂದ ಬಂದಿರುವುದು ಶೇ 5ರಿಂದ 10ರಷ್ಟು ಪ್ರಕರಣಗಳಲ್ಲಿ ಮಾತ್ರ. ಚಿಕ್ಕ ವಯಸ್ಸಿನಲ್ಲೇ ರೋಗ ಕಾಣಿಸಿಕೊಂಡಿದ್ದರೆ, ಅಥವಾ ಮನೆತನದಲ್ಲಿ ಹಲವರಿಗೆ ಸ್ತನದ, ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ವೈದ್ಯರು ವಂಶವಾಹಿ ಪರೀಕ್ಷೆಯ ಮಾತೆತ್ತುತ್ತಾರೆ, ಮತ್ತು ಹಾಗಿದ್ದಾಗ ಮಗಳಿಗೆ ಅದು ತಿಳಿಯಲೇಬೇಕು, ಏಕೆಂದರೆ ಅವಳು ಯಾವ ವಯಸ್ಸಿನಿಂದ ತಪಾಸಣೆ ಮಾಡಿಸಿಕೊಳ್ಳಬೇಕು ಎಂಬುದು ಅದರಿಂದ ನಿರ್ಧಾರವಾಗುತ್ತದೆ. ಅಲ್ಲದೆ ಸ್ತನ ಕ್ಯಾನ್ಸರಿಗೆ ಕೊಡುವ ಅನೇಕ ಕೀಮೋ ಔಷಧಗಳಲ್ಲಿ 2–3 ವಾರಗಳೊಳಗೆ ಕೂದಲು ಉದುರತೊಡಗುತ್ತದೆ. ಆ ಹೊತ್ತಿಗೆ ಊರಿಗೆ ಊರೇ ಊಹಿಸಿರುತ್ತದೆ. ಗುಟ್ಟು ಉಳಿದಿರುವುದಿಲ್ಲ, ನೆರವು ಕೇಳುವ ಅವಕಾಶವೂ ತಪ್ಪಿರುತ್ತದೆ.

ಹೇಳುವುದಕ್ಕೆ ಒಂದು ಕ್ರಮ ಇರಲಿ. ಮೊದಲು ಗಂಡ ಅಥವಾ ಮನೆಯಲ್ಲಿ ಅತಿ ಹತ್ತಿರದವರು, ಬಳಿಕ ಆಸ್ಪತ್ರೆಗೆ ಜೊತೆಗೆ ಬರಬಲ್ಲ ಒಬ್ಬರು, ಆಮೇಲೆ ಮಕ್ಕಳು, ಮನೆಯ ಹಿರಿಯರು. ಇದರ ನಂತರ ನೆಂಟರಿಗೆ ಹೇಳುವುದು ರೂಢಿ. ನಾನಾದರೆ ಪಕ್ಕದ ಮನೆಯವರಿಗೆ ಹೇಳುತ್ತೇನೆ. ಇದಕ್ಕೆ ಕಾರಣವಿದೆ. ಕೀಮೋದ ದಿನಗಳಲ್ಲಿ ಬಿಳಿ ರಕ್ತಕಣಗಳು ಕುಸಿದಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ತುರ್ತು ಪರಿಸ್ಥಿತಿ, ಬೆಳಗಾಗಲಿ ಎಂದು ಕಾಯುವಂತಿಲ್ಲ, ಜ್ವರದ ಗುಳಿಗೆ ನುಂಗಿ ಮಲಗುವಂತೆಯೂ ಇಲ್ಲ. ಆಷಾಢದ ಮಳೆಯಲ್ಲಿ ನಡುರಾತ್ರಿ ಕಾರ್ಕಳದ ಒಳಗಿನ ಹಳ್ಳಿಯಿಂದ ಮಣಿಪಾಲಕ್ಕೆ ಕರೆದೊಯ್ಯಬಲ್ಲವರು ಪಕ್ಕದ ಮನೆಯ ಕಾರಿನವರು ಅಥವಾ ರಿಕ್ಷಾದವರು, ಥಾಣೆಯಲ್ಲಿರುವ ದೊಡ್ಡಪ್ಪನ ಮಗನಲ್ಲ. ಅವರಿಗೆ ರೋಗದ ವಿವರ ತಿಳಿಯದಿದ್ದರೂ ನಡೆದೀತು, ಈ ಜ್ವರದ ಅಂಕಿ ಮಾತ್ರ ಗೊತ್ತಿರಬೇಕು.

ಹೇಳುವ ಮಾತು ಚಿಕ್ಕದಾಗಿರಲಿ, ಎಲ್ಲರಿಗೂ ಒಂದೇ ಆಗಿರಲಿ: “ನನಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಗಿದೆ. ಮುಂದಿನ ವಾರ ಚಿಕಿತ್ಸೆ ಶುರುವಾಗುತ್ತದೆ. ಸಹಾಯ ಬೇಕಾದಾಗ ನಾನೇ ಕೇಳುತ್ತೇನೆ. ಮದ್ದಿನ ವಿಷಯ ಡಾಕ್ಟರರಿಗೆ ಬಿಟ್ಟಿದ್ದೇನೆ.” ಕೊನೆಯ ವಾಕ್ಯವನ್ನು ಬಿಡಬೇಡಿ. ಅದನ್ನು ಬಿಟ್ಟರೆ ಮರುದಿನವೇ ಒಬ್ಬರು ಲಕ್ಷ್ಮಣಫಲದ ಎಲೆಯ ಪುಡಿಯೊಂದಿಗೆ ಬರುತ್ತಾರೆ. ಪ್ರಯೋಗಾಲಯದ ಜೀವಕೋಶಗಳ ಮೇಲಿನ ಪರೀಕ್ಷೆಗಳನ್ನು ಬಿಟ್ಟರೆ, ಈ ಹಣ್ಣಾಗಲಿ ಎಲೆಯಾಗಲಿ ಮನುಷ್ಯರ ಕ್ಯಾನ್ಸರನ್ನು ಗುಣಪಡಿಸುತ್ತದೆ ಎನ್ನಲು ಆಧಾರವಿಲ್ಲ; ಡಬ್ಬಿಯಲ್ಲಿ ತುಂಬಿ ದುಬಾರಿ ಬೆಲೆಗೆ ಮಾರುವ ಪುಡಿಗಳನ್ನು ಕೊಳ್ಳಲೇಬೇಡಿ. ತಂದವರ ಮನಸ್ಸು ನೋಯಿಸಲು ಇಷ್ಟವಿಲ್ಲದಿದ್ದರೆ ತೆಗೆದಿಟ್ಟುಕೊಂಡು, ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕದಿರಿ. ದೈವಕ್ಕೆ ಹರಕೆ ಹೇಳುವುದು, ಚರ್ಚಿನಲ್ಲಿ ಪೂಜೆ ಹೇಳಿಸುವುದು, ದರ್ಗಾಕ್ಕೆ ಹೋಗಿಬರುವುದು ಇವುಗಳ ಬಗ್ಗೆ ನನ್ನ ತಕರಾರಿಲ್ಲ, ಕೀಮೋದ ದಿನಾಂಕವನ್ನು ಅದಕ್ಕಾಗಿ ಮುಂದೂಡಬಾರದು ಅಷ್ಟೆ.

ಮಕ್ಕಳಿಗೆ ರೋಗದ ಹೆಸರನ್ನೇ ಹೇಳಿ. ‘ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ’ ಎಂದಷ್ಟೇ ಕೇಳಿಸಿಕೊಂಡ ಮಗು ಶಾಲೆಯ ವ್ಯಾನಿನಲ್ಲಿ ಬೇರೆ ಯಾರದೋ ಬಾಯಿಂದ ಅದನ್ನು ಕೇಳುತ್ತದೆ. ಇದು ಅಂಟುವ ರೋಗವಲ್ಲ, ಅಮ್ಮನ ಪಕ್ಕ ಮಲಗಬಹುದು, ಮಗು ಹಠ ಮಾಡಿದ್ದರಿಂದ ಬಂದದ್ದೂ ಅಲ್ಲ ಎಂಬ ಮೂರನ್ನು ಅದು ಕೇಳದಿದ್ದರೂ ಹೇಳಬೇಕು.

ಇನ್ನು ನೆಂಟರು. ಅವರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ತಂಗಿಗೋ ನಾದಿನಿಗೋ ವಹಿಸಿಬಿಡಿ. ಪ್ರತಿ ಕೀಮೋ ಆದ ಮೇಲೆ ಆಕೆ ನಾಲ್ಕು ಸಾಲು ಕಳಿಸಲಿ; ನಿಮ್ಮ ಫೋನಿಗೆ ಕರೆ ಮಾಡಿದವರಿಗೆ ‘ಅವಳನ್ನು ಕೇಳಿ’ ಎನ್ನುವುದು ಅಹಂಕಾರವಾಗುವುದಿಲ್ಲ. ‘ಏನಾದರೂ ಬೇಕಿದ್ದರೆ ಹೇಳು’ ಎಂದವರಿಗೆ ‘ಸದ್ಯ ಏನೂ ಬೇಡ’ ಎನ್ನುವ ಅಭ್ಯಾಸವನ್ನು ಮಾತ್ರ ಇವತ್ತಿನಿಂದಲೇ ಬಿಡಿ. ಕೇಳುವಾಗ ಕೆಲಸ, ದಿನ, ಎಷ್ಟು ಸಲ ಎಂಬುದು ಸ್ಪಷ್ಟವಾಗಿರಬೇಕು. ‘ಮಕ್ಕಳನ್ನು ಸ್ವಲ್ಪ ನೋಡಿಕೊಳ್ಳಿ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. “ಅತ್ತಿಗೆ, ಬುಧವಾರ ಕೀಮೋ ಇದೆ. ಗುರುವಾರ, ಶುಕ್ರವಾರ ರಾತ್ರಿಗೆ ನಮಗೆ ಗಂಜಿ, ಪಲ್ಯ ಕಳಿಸ್ತೀರಾ?” ಎಂದರೆ ಅತ್ತಿಗೆಗೆ ತಾನೇನು ಮಾಡಬೇಕೆಂದು ಗೊತ್ತಾಗುತ್ತದೆ, ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬುದೂ ಗೊತ್ತಾಗುತ್ತದೆ.

ಮನೆಯ ಕೆಲಸಗಳನ್ನೆಲ್ಲ ಬರೆದು ನೋಡಿ: ಬಾವಿಯಿಂದ ನೀರು, ದನದ ಹಾಲು ಕರೆಯುವುದು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಮುಟ್ಟಿಸುವುದು, ಮಾವನ ಬಿಪಿ ಮಾತ್ರೆ, ಮಗುವನ್ನು ವ್ಯಾನಿಗೆ ಹತ್ತಿಸುವುದು. ಪ್ರತಿಯೊಂದರ ಎದುರು ಒಂದು ಹೆಸರು ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ತೂಗುಹಾಕಿ. ಗಂಡ ಗಲ್ಫಿನಲ್ಲಿದ್ದರೆ ಅವರಿಗೂ ಒಂದು ಸಾಲು ಮೀಸಲಿಡಿ: ವಿಮಾ ಕಂಪನಿಯೊಂದಿಗಿನ ಮಾತುಕತೆ, ಬಿಲ್ಲಿನ ಪಾವತಿ, ಕೀಮೋ ಹನಿಯುವ ಹೊತ್ತಿನಲ್ಲಿ ಒಂದು ಫೋನು. ದೂರದಲ್ಲಿದ್ದೇನೆಂದು ದುಃಖಿಸುವುದಕ್ಕಿಂತ ಇದರಿಂದ ಇಬ್ಬರಿಗೂ ಹೆಚ್ಚು ಪ್ರಯೋಜನ. ಮುಂಬೈಯಿಂದ ಅಕ್ಕ ಮತ್ಸ್ಯಗಂಧ ರೈಲು ಹತ್ತಿ ನಾಳೆಯೇ ಬರುತ್ತೇನೆಂದರೆ ತಡೆಯಿರಿ. ಈಗ ಮನೆ ತುಂಬ ಜನರಿದ್ದಾರೆ. ಮೂರನೆಯ ಸುತ್ತಿನ ವಾರಕ್ಕೆ ಬಾ ಎನ್ನಿ, ಆಗ ಯಾರೂ ಇರುವುದಿಲ್ಲ.

ಆ ದಾರಿಯಲ್ಲಿ ನಡೆದವರು

ಇದೇ ಚಿಕಿತ್ಸೆ ಮುಗಿಸಿದ ಹೆಂಗಸೊಬ್ಬಳೊಂದಿಗೆ ಮಾತನಾಡುವುದರಿಂದ ಸಿಗುವ ಧೈರ್ಯ ನೆಂಟರಿಂದಾಗಲಿ ವೈದ್ಯರಿಂದಾಗಲಿ ಸಿಗುವುದಿಲ್ಲ. ಇದು ಹೊಸ ವಿಚಾರವೇನೂ ಅಲ್ಲ. ಅಮೆರಿಕದ ಟೆರೀಸ್ ಲ್ಯಾಸರ್ ತಮ್ಮ ಸ್ತನದ ಶಸ್ತ್ರಚಿಕಿತ್ಸೆಯ ಬಳಿಕ, ಅದೇ ಶಸ್ತ್ರಚಿಕಿತ್ಸೆಯಾದ ಇತರರನ್ನು ಆಸ್ಪತ್ರೆಯ ಹಾಸಿಗೆಯ ಬಳಿಯೇ ಕಂಡು ಮಾತನಾಡಿಸುವ ಪದ್ಧತಿಯನ್ನು 1950ರ ದಶಕದಲ್ಲೇ ಆರಂಭಿಸಿದ್ದರು.

ಹುಡುಕಬೇಕಾದದ್ದು ನಿಮ್ಮ ಆಸ್ಪತ್ರೆಯಲ್ಲೇ. ಕೀಮೋ ಕೊಡುವ ಡೇ ಕೇರ್ ವಾರ್ಡಿನ ಸಿಸ್ಟರ್ ಅಥವಾ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು “ನನ್ನದೇ ಚಿಕಿತ್ಸೆ ಮುಗಿಸಿ ಒಂದೆರಡು ವರ್ಷವಾದ, ತುಳು ಮಾತನಾಡುವ ಯಾರಾದರೂ ಇದ್ದಾರೆಯೇ? ಅವರ ಒಪ್ಪಿಗೆ ಕೇಳಿ ನನ್ನ ನಂಬರು ಕೊಡಬಹುದೇ?” ಎಂದು ಕೇಳಿ. ತುಳುವಿನ ಜಾಗದಲ್ಲಿ ಕೊಂಕಣಿಯೋ ಬ್ಯಾರಿಯೋ ಇರಬಹುದು. ಮನೆಮಾತಿನಲ್ಲಿ ಅಳುವುದು ಸುಲಭ. ಕಡತದ ಮೊದಲ ಪುಟ ಈಗ ಬೇಕು. ಸ್ತನವನ್ನು ಪೂರ್ತಿ ತೆಗೆಸಿಕೊಂಡವರ ಅನುಭವ ಗಡ್ಡೆಯನ್ನಷ್ಟೇ ತೆಗೆಸಿಕೊಂಡವರಿಗೆ ಹೊಂದುವುದಿಲ್ಲ, ಹಾರ್ಮೋನ್ ಗುಳಿಗೆ ನುಂಗುವವರ ಅನುಭವ ಟ್ರಿಪಲ್ ನೆಗೆಟಿವ್ (ಮೂರೂ ಪರೀಕ್ಷೆ ನೆಗೆಟಿವ್) ಇರುವವರಿಗೆ ಹೊಂದುವುದಿಲ್ಲ. ವಯಸ್ಸೂ ಹತ್ತಿರವಿದ್ದರೆ ಒಳ್ಳೆಯದು.

ಸಿಕ್ಕ ಮೇಲೆ ಏನು ಕೇಳಬೇಕು? ಬಾಯಿ ಹುಣ್ಣಾದಾಗ ಏನು ತಿಂದಿರಿ, ಕೂದಲು ಉದುರುವ ಮೊದಲೇ ಬೋಳಿಸಿದಿರಾ, ಮದುವೆಮನೆಗೆ ಹೋದಾಗ ಜನರಿಗೆ ಏನೆಂದಿರಿ, ಗಂಡನೊಂದಿಗೆ ಹೇಗಿತ್ತು: ಇಂಥವು. ಔಷಧದ ಪ್ರಮಾಣ, ಎಷ್ಟು ವರ್ಷ ಬದುಕುತ್ತೇನೆ ಎಂಬ ಲೆಕ್ಕ ಅವರಲ್ಲಿ ಕೇಳುವಂಥದ್ದಲ್ಲ. ಮೊದಲ ಮಾತುಕತೆಯ ಬಳಿಕ ಎದೆ ಇನ್ನಷ್ಟು ಭಾರವಾಗಿದ್ದರೆ ಧನ್ಯವಾದ ಹೇಳಿ ಅಲ್ಲಿಗೇ ಬಿಟ್ಟು ಬೇರೆಯವರನ್ನು ಕೇಳಿ.

‘ಧೈರ್ಯವಾಗಿದ್ದರೆ ಅರ್ಧ ರೋಗ ವಾಸಿ’ ಎಂದು ಬಂದವರೆಲ್ಲ ಹೇಳುತ್ತಾರೆ, ಇದು ರೋಗಿಯ ಮೇಲೆ ಹೊರೆಯಾಗುತ್ತದೆ. ಒಂದು ದಿನ ಅತ್ತರೂ ರೋಗ ಹೆಚ್ಚಾದೀತೆಂದು ಆಕೆ ಹೆದರುತ್ತಾಳೆ. ಗುಂಪಿನಲ್ಲಿ ಕೂತು ಮಾತನಾಡಿದ ರೋಗಿಗಳು ಹೆಚ್ಚು ಕಾಲ ಬದುಕಿದರೆಂದು 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಅವರ ಅಧ್ಯಯನ ಹೇಳಿತ್ತು. ಆದರೆ ಕೆನಡಾದ ಪಮೇಲಾ ಗುಡ್‌ವಿನ್ ಮತ್ತು ಸಂಗಡಿಗರು, ರೋಗ ದೇಹದ ಬೇರೆಡೆಗೆ ಹರಡಿದ್ದ 235 ಮಹಿಳೆಯರಲ್ಲಿ ಇದನ್ನೇ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಮನಸ್ಸಿನ ಸಂಕಟ, ನೋವಿನ ಅನುಭವ ಎರಡೂ ಕಡಿಮೆಯಾದವು, ಅದರಲ್ಲೂ ಮೊದಲೇ ಹೆಚ್ಚು ಕುಗ್ಗಿದ್ದವರಿಗೆ ಹೆಚ್ಚು ಉಪಯೋಗವಾಯಿತು. ಗುಂಪಿಗೆ ಸೇರಲು ಅಷ್ಟು ಕಾರಣ ಸಾಕು. ಅಳು ಬಂದ ದಿನ ಅತ್ತುಬಿಡಿ, ಗಡ್ಡೆ ಅದರಿಂದ ಬೆಳೆಯುವುದಿಲ್ಲ.

ಹಣ ಮತ್ತು ಸಾಮಗ್ರಿ

ಚಿಕಿತ್ಸೆ ಶುರುವಾಗುವ ಮುನ್ನವೇ, ಸರ್ಕಾರಿ ಯೋಜನೆಗಳಿಗೆ ನೆರವಾಗುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ, ಯೋಜನೆಯಲ್ಲಿ ಆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಕೈಯಲ್ಲಿರಲಿ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳಿದರೆ ಮಂಗಳೂರಿನವರು ವೆನ್‌ಲಾಕ್‌ನಲ್ಲಿ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಬಿಲ್ ಕಟ್ಟಿದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ವಿಗ್ ಕೊಳ್ಳುವ ಮೊದಲು ನಮ್ಮ ಸೆಕೆಯನ್ನು ನೆನೆಯಿರಿ. ಅಗ್ಗದ ಸಿಂಥೆಟಿಕ್ ವಿಗ್ ಏಪ್ರಿಲ್ ತಿಂಗಳಿನಲ್ಲಿ ಅರ್ಧ ಗಂಟೆ ತಲೆಯ ಮೇಲಿರುವುದಿಲ್ಲ. ಮೆತ್ತಗಿನ ಹತ್ತಿಯ ಬಟ್ಟೆ ಸಾಕು. ಸ್ತನ ತೆಗೆದ ಜಾಗಕ್ಕೆ ಇಡುವ ಸಿಲಿಕೋನಿನ ಕೃತಕ ಸ್ತನವನ್ನು ಗಾಯ ಪೂರ್ತಿ ಮಾಯುವ ಮೊದಲು ಕೊಳ್ಳಬೇಡಿ, ಅಲ್ಲಿಯವರೆಗೆ ಹಗುರವಾದ ಹತ್ತಿಯ ಪ್ಯಾಡ್ ಇಟ್ಟುಕೊಳ್ಳಿ. ನೂಲಿನಲ್ಲಿ ಹೆಣೆದ ಇಂಥ ಪ್ಯಾಡ್‌ಗಳನ್ನು ಉಚಿತವಾಗಿ ಮಾಡಿಕೊಡುವ ಸ್ವಯಂಸೇವಕಿಯರೂ ಇದ್ದಾರೆ. ಸಮಾಜ ಕಾರ್ಯಕರ್ತರಲ್ಲಿ ವಿಚಾರಿಸಿ.

ಮನಸ್ಸಿಗೂ ವೈದ್ಯರು

ಕಳೆದ ಒಂದು ವಾರದ ಸಂಕಟಕ್ಕೆ 0ಯಿಂದ 10ರೊಳಗೆ ಅಂಕ ಕೊಟ್ಟುಕೊಳ್ಳುವ ವಿಧಾನವನ್ನು ಕ್ಯಾನ್ಸರ್ ವೈದ್ಯರು ಬಳಸುತ್ತಾರೆ. 4 ಅಥವಾ ಹೆಚ್ಚು ಬಂದರೆ ಅದನ್ನು ನಿಮ್ಮ ವೈದ್ಯರಿಗೆ ಹೇಳಿ. ರಾತ್ರಿ ನಿದ್ದೆ ಬಾರದೆ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಮನೋವೈದ್ಯರು ಖಿನ್ನತೆಗೆ ಗುಳಿಗೆ ಬರೆದರೆ ಟಾಮಾಕ್ಸಿಫೆನ್ ಎಂಬ ಹಾರ್ಮೋನ್ ಗುಳಿಗೆ ನುಂಗುತ್ತಿದ್ದರೆ ಅದನ್ನು ತಪ್ಪದೆ ತಿಳಿಸಬೇಕು. ಪರಾಕ್ಸಿಟೀನ್, ಫ್ಲೂಆಕ್ಸಿಟೀನ್‌ನಂಥ ಕೆಲವು ಔಷಧಗಳು, ದೇಹದಲ್ಲಿ ಟಾಮಾಕ್ಸಿಫೆನ್ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ಬೇರೆ ಗುಳಿಗೆಗಳಿವೆ, ವೈದ್ಯರು ಆರಿಸಿಕೊಡುತ್ತಾರೆ.

ಚಿಕಿತ್ಸೆ ಮುಗಿದ ಮೇಲೆ

ಕೊನೆಯ ವಿಕಿರಣದ ದಿನ ಮನೆಯವರು ಪಾಯಸ ಮಾಡುತ್ತಾರೆ, ಮರುದಿನದಿಂದ ಗಂಜಿಯ ಪಾತ್ರೆ ಬರುವುದು ನಿಲ್ಲುತ್ತದೆ. ಹಲವರಿಗೆ ನಿಜವಾದ ಹೆದರಿಕೆ ಶುರುವಾಗುವುದು ಆಗಲೇ, ಏಕೆಂದರೆ ದಿನವೂ ನೋಡುತ್ತಿದ್ದ ಸಿಸ್ಟರ್ ಇಲ್ಲ, ದೇಹದಲ್ಲಿ ಇನ್ನೂ ಶಕ್ತಿ ಇಲ್ಲ, ‘ಎಲ್ಲ ಮುಗಿಯಿತಲ್ಲ’ ಎನ್ನುವವರಿಗೆ ಉತ್ತರವೂ ಇಲ್ಲ. ಆದ್ದರಿಂದ ಅಡುಗೆಮನೆಯ ಪಟ್ಟಿಯನ್ನು ಹರಿಯದೆ ಚಿಕ್ಕದಾಗಿಸಿ ಇನ್ನೂ ಕೆಲವು ತಿಂಗಳು ಮುಂದುವರಿಸಿ. ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ ತಪಾಸಣೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಇರುತ್ತದೆ. ಆ ದಿನಗಳಿಗಿಂತ ಒಂದು ವಾರ ಮೊದಲೇ ನಿದ್ದೆ ಕೆಡುವುದುಂಟು. ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ದಿನಾಂಕ ಗೊತ್ತಾದ ಕೂಡಲೇ ನಿಗದಿಮಾಡಿ, ಅವರ ಹೆಸರನ್ನು ಕ್ಯಾಲೆಂಡರಿನ ಆ ಚೌಕದಲ್ಲೇ ಬರೆದಿಡಿ.