ಲುಬ್ಧಕದಿಂದ ಬಂದವನ ಕಥೆಯನ್ನು ಮಕ್ಕಳಿಗೆ ಓದಿ ಹೇಳುವ ಬಗೆ

ಫ್ರೆಂಚ್ ಲೇಖಕ ವಾಲ್ಟೇರ್ 1752ರಲ್ಲಿ ಪ್ರಕಟಿಸಿದ ‘ಮಿಕ್ರೋಮೆಗಾಸ್’ ಏಳೇ ಅಧ್ಯಾಯಗಳ ಕಥನ. ಅನ್ಯಲೋಕದವರು ಭೂಮಿಗೆ ಬಂದು ನಮ್ಮನ್ನು ಮಾತನಾಡಿಸುವ ಈ ಕಥೆಯನ್ನು ಕೊಪ್ಪಳದ ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲಿ ಓದಿ ಹೇಳುವಾಗ ನನಗೆ ಮನವರಿಕೆಯಾದದ್ದು ಒಂದೇ: ಅದರ ಅಳತೆ ಕಣ್ಣಿಗೆ ಕಾಣದ ಹೊರತು ಕಥೆ ಮನಸ್ಸಿಗೆ ಇಳಿಯುವುದಿಲ್ಲ.

ಆದ್ದರಿಂದ ಮಾಘಮಾಸದ ಒಂದು ಸಂಜೆಯನ್ನು ಆರಿಸಿಕೊಳ್ಳಿ. ಕತ್ತಲಾದ ಮೇಲೆ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು, ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಗೆರೆಯನ್ನು ಆಗ್ನೇಯಕ್ಕೆ ಮುಂದುವರಿಸಿ ಲುಬ್ಧಕವನ್ನು (ಸಿರಿಯಸ್) ತೋರಿಸಿ. ಕಥಾನಾಯಕನ ಊರು ಆ ನಕ್ಷತ್ರವನ್ನು ಸುತ್ತುವ ಒಂದು ಗ್ರಹ.

ಬಳಿಕ ದೀಪ ಹಚ್ಚಿ, ಅಂಗಳದಲ್ಲಿ ಸುಣ್ಣದಿಂದ 12 ಅಡಿಯ ಗೆರೆ ಎಳೆಯಿರಿ. ನಾಯಕನ ಎತ್ತರ 1,20,000 ಅಡಿ, ಅಂದರೆ ಹೆಚ್ಚುಕಡಿಮೆ ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ದಾರಿಯಷ್ಟು. ಗೆರೆಯ ಒಂದಡಿಗೆ ಹತ್ತು ಸಾವಿರ ಅಡಿ. ಅವನ ಶನಿಗ್ರಹದ ಗೆಳೆಯ 6,000 ಅಡಿಯವನಾದ್ದರಿಂದ ಅವನಿಗೆ ಏಳು ಅಂಗುಲ, ಗೇಣಿಗಿಂತ ತುಸು ಕಡಿಮೆ. ಮನುಷ್ಯನ ಸರದಿ ಬಂದಾಗ ಸುಣ್ಣ ಕೆಲಸಕ್ಕೆ ಬಾರದು. ಐದಡಿಯ ಮನುಷ್ಯ ಈ ಲೆಕ್ಕದಲ್ಲಿ 0.15 ಮಿಲಿಮೀಟರ್ ಆಗುವುದರಿಂದ, ರೊಟ್ಟಿಗೆಂದು ಬೀಸಿಸಿದ ಜೋಳದ ಹಿಟ್ಟಿನ ಒಂದೇ ಒಂದು ಕಣವನ್ನು ಬೆರಳ ತುದಿಗೆ ಅಂಟಿಸಿಕೊಂಡು ತೋರಿಸಬೇಕು. ನಾನು ಹಾಗೆ ತೋರಿಸಿದಾಗ ಒಬ್ಬ ಹುಡುಗಿ, ಕಣ ಎಲ್ಲಿ ಹಾರಿಹೋದೀತೋ ಎಂದು ಉಸಿರು ಬಿಗಿಹಿಡಿದು ನಿಂತಿದ್ದಳು.

ಮೊದಲ ಮೂರು ಅಧ್ಯಾಯಗಳನ್ನು ಬೇಗ ಮುಗಿಸಬಹುದು. ಆದರೆ 72 ಇಂದ್ರಿಯಗಳಿದ್ದೂ ಸಾಲದೆಂದು, 15,000 ವರ್ಷ ಬದುಕಿದರೂ ಆಯುಷ್ಯ ಒಂದು ಕ್ಷಣವೆಂದು ಶನಿಯವನು ಕೊರಗುವ ಭಾಗವನ್ನು ನಿಧಾನವಾಗಿ ಓದಿ.

ಹಡಗಿನ ಪ್ರಸಂಗಕ್ಕೆ ಮುನ್ನ ಇತಿಹಾಸವನ್ನು ಸ್ವಲ್ಪ ಹೇಳಲೇಬೇಕು. 1736–37ರಲ್ಲಿ ಫ್ರೆಂಚ್ ವಿಜ್ಞಾನಿ ಮೊಪರ್ಟ್ಯೂಯಿಯ ತಂಡ ಲ್ಯಾಪ್‌ಲ್ಯಾಂಡಿಗೆ ಹೋಗಿ ರೇಖಾಂಶದ ಗೆರೆಯ ಮೇಲೆ ಒಂದು ಡಿಗ್ರಿಯ ಉದ್ದವನ್ನು ಅಳೆದು, ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ ಎಂಬುದಕ್ಕೆ ಆಧಾರ ಒದಗಿಸಿತ್ತು. ಕಥೆಯಲ್ಲಿ ನಾಯಕ ಉಗುರಿನ ಮೇಲೆ ಎತ್ತಿಟ್ಟುಕೊಳ್ಳುವುದು ಧ್ರುವವೃತ್ತದಿಂದ ಮರಳುತ್ತಿದ್ದ ಇಂಥದೇ ಪಂಡಿತರ ಹಡಗನ್ನು. ಆ ಹಿಟ್ಟಿನ ಕಣಗಳ ಮಾತು ಕೇಳಲು ಅವನು ತನ್ನ ಉಗುರಿನ ಚೂರಿನಿಂದಲೇ ಕಹಳೆ ಮಾಡಿಕೊಳ್ಳುತ್ತಾನೆ.

ನಕ್ಷತ್ರಗಳ ಅಂತರ, ಗಾಳಿಯ ತೂಕ ಕೇಳಿದರೆ ಪಂಡಿತರೆಲ್ಲರದೂ ಒಂದೇ ಉತ್ತರ. ಆತ್ಮವೆಂದರೇನು ಎಂಬ ಪ್ರಶ್ನೆ ಬಂದಾಗ ಓದು ನಿಲ್ಲಿಸಿ, ಮಕ್ಕಳಿಂದಲೇ ಉತ್ತರ ಬರೆಸಿ, ಆಮೇಲೆ ಪಂಡಿತರ ಬಗೆಬಗೆಯ ಉತ್ತರಗಳನ್ನು ಓದಿ. ಎಲ್ಲವೂ ಮನುಷ್ಯನಿಗಾಗಿಯೇ ಸೃಷ್ಟಿಯಾಗಿದೆ ಎಂದವನ ಮಾತಿಗೆ ದೈತ್ಯರು ನಕ್ಕು, ಹಡಗು ಶನಿಯವನ ಜೇಬಿಗೆ ಜಾರುವ ಸಾಲಿನಲ್ಲಿ ಮಕ್ಕಳೂ ನಗುತ್ತಾರೆ. ಅವರು ನಗುವಷ್ಟು ಹೊತ್ತು ಕಾಯಿರಿ.

ಕೊನೆಗೆ ನಾಯಕ ಕೊಟ್ಟುಹೋದ ಪುಸ್ತಕವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ತೆರೆದರೆ ಪುಟಗಳೆಲ್ಲ ಖಾಲಿ. ಇಲ್ಲಿ ಅರ್ಥ ಬಿಡಿಸಿ ಹೇಳಬೇಡಿ; ಬರೆಯದ ಒಂದು ನೋಟ್‌ಬುಕ್ಕನ್ನು ಮಕ್ಕಳ ಕೈಗೆ ಕೊಟ್ಟು, ಒಬ್ಬೊಬ್ಬರಾಗಿ ಪುಟ ತಿರುವಲು ಹೇಳಿ.