ಕೃಷ್ಣದೇವರಾಯನಿಗೆ ಕುಲ್ಲಾಯಿ ತೊಡಿಸಿದ್ದು

ವಿಜಯನಗರದ ರಾಜ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಿರೀಟ, ತೆರೆದ ಎದೆ, ಎದೆ ತುಂಬ ಚಿನ್ನ. ಕ್ಯಾಲೆಂಡರ್, ನಾಟಕ, ಸಿನಿಮಾ ಎಲ್ಲ ಸೇರಿ ಈ ರೂಪವನ್ನು ನಮ್ಮ ತಲೆಯಲ್ಲಿ ಕೂರಿಸಿವೆ. ಹಂಪಿಯ ಬಗ್ಗೆ ಒಂದು ಸಾಕ್ಷ್ಯಚಿತ್ರ ತಯಾರಾಗುವಾಗ, ಅದರಲ್ಲಿ ನಟರಿಂದ ಮಾಡಿಸುವ ಆಸ್ಥಾನದ ದೃಶ್ಯಗಳಿಗೆ ಉಡುಪು ಸಿದ್ಧಪಡಿಸುವ ಕೆಲಸ ನನಗೆ ಬಂತು. ಮೊದಲ ಸಭೆಯಲ್ಲೇ ನನ್ನ ಮುಂದೆ ಇಟ್ಟದ್ದು ಅದೇ ಕಿರೀಟದ ಚಿತ್ರಗಳು.

ಕತೆಯ ಸಿನಿಮಾ ಆದರೆ ನೋಡುವವರಿಗೆ ಇದು ಕತೆ ಅಂತ ಗೊತ್ತಿರುತ್ತದೆ. ಸಾಕ್ಷ್ಯಚಿತ್ರ ಹಾಗಲ್ಲ. ಹಿನ್ನೆಲೆಯಲ್ಲಿ ಒಂದು ದನಿ ಇಸವಿ ಹೇಳುತ್ತದೆ, ಪರದೆಯ ಮೇಲೆ ರಾಜ ನಡೆದು ಬರುತ್ತಾನೆ. ಅವನು ತೊಟ್ಟದ್ದೆಲ್ಲ ನಿಜ ಅಂತ ಜನ ನಂಬುತ್ತಾರೆ. ಶಾಲೆಯ ಮಕ್ಕಳು ಅದನ್ನೇ ನೋಡಿ ಚಿತ್ರ ಬರೆಯುತ್ತಾರೆ. ಹಾಗಾಗಿ ಬಟ್ಟೆ ಕೊಳ್ಳುವ ಮೊದಲು ಕಂಡವರು ಏನು ಹೇಳಿದ್ದಾರೆ ಎಂದು ನೋಡಲು ಹೊರಟೆ.

ನಮ್ಮ ಅದೃಷ್ಟಕ್ಕೆ ವಿಜಯನಗರದ ರಾಜರನ್ನು ಕಣ್ಣಾರೆ ಕಂಡವರು ಉಡುಪಿನ ಬಗ್ಗೆ ಬರೆದಿಟ್ಟಿದ್ದಾರೆ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನನ್ನು ಕಂಡಾಗ ರಾಜ ಹಸಿರು ರೇಷ್ಮೆಯ ನಿಲುವಂಗಿ ತೊಟ್ಟು, ಕೊರಳಿಗೆ ಮುತ್ತಿನ ಹಾರ ಹಾಕಿದ್ದ. 16ನೇ ಶತಮಾನದ ಮೊದಲ ವರ್ಷಗಳಲ್ಲಿ ಬಂದ ಇಟಲಿಯ ವರ್ತೆಮಾ, ರಾಜ ಎರಡು ಗೇಣು ಉದ್ದದ ಜರಿ ಟೋಪಿ ಇಡುತ್ತಾನೆ ಎಂದು ಬರೆದ. 1520ರ ಹೊತ್ತಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನನ್ನೇ ಹತ್ತಿರದಿಂದ ನೋಡಿದ. ಚಿನ್ನದ ಗುಲಾಬಿಗಳ ಕಸೂತಿ ಇದ್ದ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಆಭರಣ, ತಲೆಯ ಮೇಲೆ ಶಿರಸ್ತ್ರಾಣದಂಥ ಜರಿ ಟೋಪಿ, ಅದರ ಮೇಲೆ ನವಿರಾದ ರೇಷ್ಮೆ ಬಟ್ಟೆ. ಕಾಲು ಬರಿಗಾಲು. ಉಡುಪು ಮಾಡುವವರಿಗೆ ಇದಕ್ಕಿಂತ ಸ್ಪಷ್ಟವಾದ ಆರ್ಡರ್ ಬೇಕಾ?

ಈ ಎತ್ತರದ ಟೋಪಿಯೇ ಕುಲ್ಲಾಯಿ. ಉದ್ದ ತೋಳಿನ ನಿಲುವಂಗಿ ಕಬಾಯಿ. ಎರಡೂ ಆಸ್ಥಾನದ ಉಡುಪು. ತೆಲುಗು ಕವಿ ಶ್ರೀನಾಥನದೆಂದು ಹೇಳುವ ಒಂದು ಚಾಟು ಪದ್ಯವಿದೆ, ಅಂದರೆ ಬಾಯಿಂದ ಬಾಯಿಗೆ ಬಂದ ಬಿಡಿ ಪದ್ಯ. ಕನ್ನಡ ರಾಜನ ಆಸ್ಥಾನಕ್ಕೆ ಬಂದು ಕುಲ್ಲಾಯಿ ಇಟ್ಟುಕೊಂಡೆ, ದೊಡ್ಡ ಅಂಗಿ ತೊಟ್ಟೆ ಅಂತ ಅವನು ಅದರಲ್ಲಿ ದೂರುತ್ತಾನೆ. ಕವಿಗೂ ವಿನಾಯಿತಿ ಇರಲಿಲ್ಲ.

ಹಾಗಾದರೆ ತೆರೆದ ಎದೆ ಸುಳ್ಳಾ? ಅದೂ ಸುಳ್ಳಲ್ಲ. ತಿರುಮಲದ ದೇವಸ್ಥಾನದೊಳಗೆ ಕೃಷ್ಣದೇವರಾಯ, ಚಿನ್ನಾದೇವಿ, ತಿರುಮಲಾದೇವಿಯರ ಲೋಹದ ಪ್ರತಿಮೆಗಳಿವೆ. ಮೂವರೂ ಕೈ ಮುಗಿದು ನಿಂತಿದ್ದಾರೆ. ಅಲ್ಲಿ ರಾಜನ ಮೈಮೇಲೆ ಅಂಗಿ ಇಲ್ಲ, ಸೊಂಟಕ್ಕೆ ಪಂಚೆ ಮಾತ್ರ. ಆದರೆ ತಲೆಯ ಮೇಲೆ ಎತ್ತರದ ಟೋಪಿ ಇದೆ. ಅಂದರೆ ಒಬ್ಬನೇ ರಾಜ, ದೇವರ ಮುಂದೆ ಒಂದು ಉಡುಪು, ರಾಯಭಾರಿಯ ಮುಂದೆ ಇನ್ನೊಂದು. ನನ್ನ ಕೆಲಸ ಪೂರ್ತಿ ನಿಂತದ್ದು ಈ ಒಂದು ತಿಳಿವಳಿಕೆಯ ಮೇಲೆ. ಪಾತ್ರಕ್ಕೊಂದು ಉಡುಪು ಅನ್ನುವ ಪಟ್ಟಿಯನ್ನು ಬದಿಗಿಟ್ಟೆ. ಪ್ರತಿ ದೃಶ್ಯಕ್ಕೂ ಎರಡೇ ಪ್ರಶ್ನೆ ಬರೆದುಕೊಂಡೆ: ಎಲ್ಲಿ ನಿಂತಿದ್ದಾನೆ, ಯಾರ ಮುಂದೆ ನಿಂತಿದ್ದಾನೆ. ಉತ್ತರ ಸಿಕ್ಕಿದ ಮೇಲೇ ಬಟ್ಟೆ.

ನಿರ್ದೇಶಕರು ಮೊದಲು ಒಪ್ಪಲಿಲ್ಲ. "ಟೋಪಿ, ನಿಲುವಂಗಿ ಹಾಕಿಸಿದರೆ ಸುಲ್ತಾನನ ದರ್ಬಾರು ಅಂದುಕೊಳ್ತಾರೆ ಮೇಡಂ" ಅಂದರು. ಅವರ ಆತಂಕ ನನಗೆ ಅರ್ಥವಾಗುತ್ತಿತ್ತು. ಆದರೆ ವಿಜಯನಗರಕ್ಕೆ ಹಡಗಿನಲ್ಲಿ ಅರಬ್ಬೀ ಕುದುರೆಗಳು ಬರುತ್ತಿದ್ದವು, ಪರ್ಷಿಯಾದಿಂದ ರಾಯಭಾರಿಗಳು ಬರುತ್ತಿದ್ದರು. ಸಮುದ್ರದಾಚೆಯ ಆಸ್ಥಾನಗಳಲ್ಲೂ ದಖ್ಖನಿನ ಆಸ್ಥಾನಗಳಲ್ಲೂ ಗೌರವದ ಉಡುಪು ಅಂತ ನಡೆಯುತ್ತಿದ್ದುದು ಈ ನಿಲುವಂಗಿಯೇ. ಅದನ್ನು ತೊಟ್ಟು ಸಿಂಹಾಸನದಲ್ಲಿ ಕುಳಿತ ರಾಜ ತಾನು ಆ ದೊಡ್ಡ ಪ್ರಪಂಚದ ಸರೀಕ ಅಂತ ತೋರಿಸುತ್ತಿದ್ದ. ಅದನ್ನು ಕಿತ್ತು ಹಾಕಿ ಕಿರೀಟ ಇಟ್ಟರೆ ರಾಜನನ್ನು ಸಣ್ಣವನನ್ನಾಗಿ ಮಾಡಿದ ಹಾಗೆ. ಪೂಜೆಯ ದೃಶ್ಯದಲ್ಲಿ ಎದೆ ತೆರೆದಿರಲಿ, ರಾಯಭಾರಿಯ ದೃಶ್ಯದಲ್ಲಿ ಕಬಾಯಿ ಇರಲಿ, ಎರಡೂ ಒಂದೇ ಚಿತ್ರದಲ್ಲಿ ಬಂದರೆ ನೋಡುವವರಿಗೇ ತಿಳಿಯುತ್ತದೆ ಅಂದೆ. ಅದಕ್ಕೆ ಒಪ್ಪಿದರು.

ಮಾತಿನ ವಿವರದಿಂದ ಬಟ್ಟೆ ಕತ್ತರಿಸಲು ಆಗುವುದಿಲ್ಲ. ಅದಕ್ಕೆ ಲೇಪಾಕ್ಷಿ ಬೇಕು. ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರ ದೇವಸ್ಥಾನದ ಚಾವಣಿಯಲ್ಲಿ ಚಿತ್ರಗಳಿವೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಚಾವಣಿಯಲ್ಲೂ ಚಿತ್ರಗಳಿವೆ. ಆದರೆ ಅವು ಯಾವ ಕಾಲದವು ಅನ್ನುವುದರಲ್ಲಿ ವಿದ್ವಾಂಸರು ಒಂದೇ ಮಾತು ಹೇಳುವುದಿಲ್ಲ. ಹಾಗಾಗಿ ನಾನು ಲೇಪಾಕ್ಷಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಚಾವಣಿ ಎತ್ತರದಲ್ಲಿದೆ, ಬರಿಗಣ್ಣಿಗೆ ಕಸೆ, ಅಂದರೆ ಅಂಗಿ ಕಟ್ಟುವ ದಾರ, ಕಾಣುವುದಿಲ್ಲ. ದುರ್ಬೀನು ಹಿಡಿದು ನೆಲದ ಮೇಲೆ ಮಲಗಿ ನೋಡಿದೆ. ಗಂಡಸರ ಬಿಳಿ ನಿಲುವಂಗಿ, ನಡುಕಟ್ಟು, ಚೂಪು ತುದಿಯ ಟೋಪಿ. ಹೆಂಗಸರ ಬಿಗಿಯಾದ ಕುಪ್ಪಸ, ಒಂದು ಬದಿಗೆ ಕಟ್ಟಿದ ತುರುಬು. ಸೀರೆಗಳ ಮೇಲೆ ಎಷ್ಟು ಬಗೆಯ ಪಟ್ಟೆ, ಚೌಕಳಿ, ಹೂವು! ಸುಮ್ನೆ ಅದನ್ನೇ ಅರ್ಧ ದಿನ ನೋಡಬಹುದು.

ಕಬಾಯಿ ಹೊಲಿಯುವಾಗ ನಮ್ಮ ಟೈಲರ್ ಮಾಸ್ಟರ್ ಕೇಳಿದ ಮೊದಲ ಪ್ರಶ್ನೆ, "ಗುಂಡಿ ಎಲ್ಲಿ ಬರಲಿ ಮೇಡಂ?" ಗುಂಡಿ ಬೇಡ, ಕಸೆ ಕಟ್ಟೋಣ ಅಂದೆ. ಊರಲ್ಲಿ ಕಸೆ ಅಂಗಿ ನೋಡಿದವರು ಅವರು, ತಕ್ಷಣ ಹಿಡಿದುಕೊಂಡರು. ಒತ್ತುಗುಂಡಿ, ಜಿಪ್ಪು, ವೆಲ್ಕ್ರೋ ಯಾವುದನ್ನೂ ಬಳಸಲಿಲ್ಲ. ಒಳಗಿದ್ದರೆ ಕಾಣುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಕಾಣುತ್ತದೆ. ಜಿಪ್ಪು ಹಾಕಿದ ಬಟ್ಟೆ ಮೈಗೆ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಕಸೆ ಕಟ್ಟಿದ್ದು ಕಟ್ಟಿದ ಕಡೆ ಸೆಳೆದು ಸುಕ್ಕು ಬೀಳುತ್ತದೆ, ಲೇಪಾಕ್ಷಿಯ ಚಿತ್ರದಲ್ಲಿರುವುದು ಅದೇ ಸುಕ್ಕು. ಹೊಲಿಗೆ ಯಂತ್ರದ ವಿಷಯದಲ್ಲಿ ಮಾತ್ರ ನಾನು ಅಷ್ಟು ಹಟ ಮಾಡುವುದಿಲ್ಲ. ಒಳಗಿನ ಉದ್ದ ಹೊಲಿಗೆಗಳು ಮೆಷಿನ್ನಿನಲ್ಲೇ ಆಗಲಿ. ಕೊರಳು, ತೋಳಿನ ತುದಿ, ಎದೆಯ ಅಂಚು ಕೈಹೊಲಿಗೆಯೇ ಆಗಬೇಕು. ಕ್ಯಾಮೆರಾ ಹತ್ತಿರ ಬರುವುದು ಅಲ್ಲಿಗೆ.

ಪಾಯಸ್ ಹೇಳಿದ ಚಿನ್ನದ ಗುಲಾಬಿಗಳಿಗೂ ಇದೇ ಲೆಕ್ಕ. ಮೆಷಿನ್ ಕಸೂತಿಯಲ್ಲಿ ಪ್ರತಿ ಹೂವೂ ಇನ್ನೊಂದರ ನಕಲು. 4ಕೆ ಚಿತ್ರದಲ್ಲಿ ಅದು ಎದ್ದು ಹೊಡೆಯುತ್ತದೆ. ಎದೆ, ಭುಜ, ತೋಳುಗಳಿಗೆ ಕೈಕಸೂತಿ ಮಾಡಿಸಿದೆವು. ಜರಿಯನ್ನೂ ಬಹಳ ಹುಡುಕಬೇಕಾಯಿತು. ಈಗ ಜಾಸ್ತಿ ಸಿಗುವುದು ಪ್ಲಾಸ್ಟಿಕ್ ಎಳೆಯ ಜರಿ. ದೀಪದ ಬೆಳಕು ಬಿದ್ದರೆ ಅದು ಬಿಳಿಯಾಗಿ ಚುಚ್ಚುತ್ತದೆ. ಬೆಳ್ಳಿಯ ಎಳೆಗೆ ಚಿನ್ನದ ಲೇಪ ಕೊಟ್ಟ ಅಸಲಿ ಜರಿ ಹಳದಿಯಾಗಿ, ಮಂದವಾಗಿ ಹೊಳೆಯುತ್ತದೆ. ಅದು ದುಬಾರಿ. ಹಾಗಾಗಿ ಹಳೆಯ ಸೀರೆಗಳ ಅಂಚು, ಸೆರಗು ಬಿಡಿಸಿ ತಂದು ಹೊಲಿದೆವು. ಹರಿದ ಸೀರೆಯಿಂದ ಬಂದ ಜರಿಗೆ ಆಗಲೇ ವಯಸ್ಸಾಗಿರುತ್ತದೆ, ಅದೂ ಒಂದು ಅನುಕೂಲ.

ಬಣ್ಣದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈಗಿನ ರಾಸಾಯನಿಕ ಬಣ್ಣಗಳ ಕತೆ ಶುರುವಾದದ್ದು 1856ರಲ್ಲಿ, ಇಂಗ್ಲೆಂಡಿನಲ್ಲಿ. ಅದಕ್ಕೆ ಮುಂಚಿನ ಬಟ್ಟೆಗೆ ಬಣ್ಣ ಬಂದದ್ದು ನೀಲಿ ಗಿಡ, ಅರಗು, ಮಂಜಿಷ್ಠ, ಅರಿಶಿನ, ಕುಸುಬೆ ಹೂವುಗಳಿಂದ. ಕಪ್ಪು ಬೇಕಾದರೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುದುಗು ಹಾಕಿ, ಅಳಲೆಕಾಯಿಯ ರಸ ಕುಡಿಸಿದ ಬಟ್ಟೆಗೆ ಅದನ್ನು ಹಚ್ಚುತ್ತಾರೆ, ಕಲಂಕಾರಿಯವರು ಈಗಲೂ ಹಾಗೇ ಮಾಡುವುದು. ಈ ಬಣ್ಣಗಳು ಮಂಕು ಅಂತ ಜನ ಅಂದುಕೊಂಡಿದ್ದಾರೆ. ಪಟಿಕ ಹಾಕಿ ಸರಿಯಾಗಿ ಕೆಂಪು ಹಿಡಿಸಿದ ಬಟ್ಟೆ ನೋಡಿದರೆ ಆ ಮಾತು ಆಡಲಾರರು. ಒಂದೇ ವ್ಯತ್ಯಾಸ, ಆ ಕೆಂಪಿನೊಳಗೆ ನಾಲ್ಕಾರು ಕೆಂಪು ಇರುತ್ತದೆ. ಎಲ್ಲ ಬಟ್ಟೆಗೂ ಹೀಗೆ ಬಣ್ಣ ಹಾಕಿಸುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಮುಖ್ಯ ಪಾತ್ರಗಳಿಗೆ ಅಸಲಿ ಬಣ್ಣ ಹಾಕಿಸಿದೆವು. ಆ ಬಟ್ಟೆಯ ತುಂಡುಗಳನ್ನು ಎದುರಿಗಿಟ್ಟುಕೊಂಡು ಉಳಿದವುಗಳಿಗೆ ಹೊಂದುವ ಬಣ್ಣ ಹುಡುಕಿದೆವು. ಗಾಢ ಗುಲಾಬಿ, ಗಿಳಿಹಸಿರಿನ ಹೊಳೆಯುವ ಸಿಂಥೆಟಿಕ್ ಬಟ್ಟೆಯನ್ನು ಹಿಂದಿನ ಸಾಲಿನಲ್ಲೂ ನಿಲ್ಲಿಸಲಿಲ್ಲ. ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಬಿಳಿಯ ತೊಂದರೆ ಬೇರೆ. ಅಂಗಡಿಯ ಬಿಳಿ ಬಟ್ಟೆ ಕ್ಯಾಮೆರಾದಲ್ಲಿ ನೀಲಿಗೆ ತಿರುಗುತ್ತದೆ, ಅದರ ಮೇಲಿನ ಕಸೂತಿಯೂ ಕಾಣದೆ ಹೋಗುತ್ತದೆ. ಕೈಮಗ್ಗದ ಹತ್ತಿಯನ್ನು ಗಂಜಿ ಹೋಗುವವರೆಗೆ ಒಗೆದು, ತೆಳುವಾದ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಹಾಲಿನ ಕೆನೆಯ ಬಣ್ಣ ಬರುತ್ತದೆ. ಪರದೆಯ ಮೇಲೆ ಅದೇ ಬಿಳಿ.

ರಾಣಿವಾಸದ ದೃಶ್ಯದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಬಟ್ಟೆಯಲ್ಲ, ಭಾರ. ಮಹಾನವಮಿಯ ಮೆರವಣಿಗೆಯಲ್ಲಿ ಬರುವ ಹೆಂಗಸರ ಮೈಮೇಲೆ ಎಷ್ಟು ಒಡವೆ ಇತ್ತೆಂದರೆ, ಜೊತೆಯ ಹೆಂಗಸರು ಅವರ ತೋಳುಗಳನ್ನು ಹಿಡಿದುಕೊಂಡು ನಡೆಸಬೇಕಾಗಿತ್ತು ಎಂದು ಪಾಯಸ್ ಬರೆದಿದ್ದಾನೆ. ನಮ್ಮದು ಬಾಡಿಗೆಯ ಇಮಿಟೇಶನ್ ಒಡವೆ, ಹಕ್ಕಿಯ ಗರಿಯಷ್ಟು ಹಗುರ. ನಟಿಯರ ಕೈ ಗಾಳಿಯಲ್ಲಿ ಹಾರಾಡುತ್ತಿತ್ತು. ಹಿತ್ತಾಳೆಯ ಗಟ್ಟಿ ಬಳೆಗಳನ್ನು ತರಿಸಿ ಮೊಣಕೈವರೆಗೆ ತೊಡಿಸಿದೆವು, ಜೊತೆಗೆ ಒಬ್ಬೊಬ್ಬ ಸಖಿಯನ್ನು ನಿಲ್ಲಿಸಿದೆವು. ನಡಿಗೆಯೇ ಬದಲಾಯಿತು. ಯಾರೂ ಹೇಳಿಕೊಡದೆ ಅವರು ನಿಧಾನವಾದರು, ತೋಳು ಸಖಿಯ ಕೈಯಲ್ಲಿ ತಾನಾಗಿ ಕೂತಿತು.

ಸೀರೆಯನ್ನು ಲಂಗವಿಲ್ಲದೆ, ಪಿನ್ನಿಲ್ಲದೆ ಉಡಿಸುವುದು ನಟಿಯರಿಗೆ ಭಯದ ವಿಷಯ. ಈಗಿನ ಸೇಫ್ಟಿ ಪಿನ್ 1849ರದ್ದು. ಅದಿಲ್ಲದೆ ಹೆಂಗಸರು ಕುಣಿದಿದ್ದಾರೆ, ಹೊಲದಲ್ಲಿ ಬಗ್ಗಿ ದುಡಿದಿದ್ದಾರೆ. ಕಚ್ಚೆ ಹಾಕಿ ಉಡುವ ಹಿರಿಯ ಹೆಂಗಸೊಬ್ಬರನ್ನು ಕರೆಸಿ ಗಂಟು ಹಾಕುವುದನ್ನು ಎಲ್ಲರಿಗೂ ಕಲಿಸಿದೆವು. ಒಮ್ಮೆ ಗಂಟಿನ ಮೇಲೆ ನಂಬಿಕೆ ಬಂದರೆ ಆಮೇಲೆ ಸೆರಗನ್ನು ಪದೇ ಪದೇ ಮುಟ್ಟಿಕೊಳ್ಳುವ ಅಭ್ಯಾಸ ಹೋಗುತ್ತದೆ. ಆ ಮುಟ್ಟಿಕೊಳ್ಳುವಿಕೆ ಇವತ್ತಿನದು, ಕ್ಯಾಮೆರಾ ಅದನ್ನು ಬಿಡದೆ ಹಿಡಿಯುತ್ತದೆ.

ಸೈನಿಕರಿಗೆ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ. ರಾಜ ಯುದ್ಧಕ್ಕೆ ಹೋಗುವಾಗ ಹತ್ತಿ ತುಂಬಿದ ಅಂಗಿ ತೊಡುತ್ತಾನೆ ಎಂದು ವರ್ತೆಮಾ ಹೇಳಿದರೆ, ಪಾಯಸ್ ಸೈನಿಕರ ಅಂಗಿಗಳೊಳಗೆ ತೊಗಲಿನ ಪದರ, ಕಬ್ಬಿಣದ ತಗಡು ಇರುವುದನ್ನೂ ಹೇಳುತ್ತಾನೆ. ಮಿರುಗುವ ಲೋಹದ ಎದೆಕವಚ ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ಬೇಡ ಅಂದೆ. ಆದರೆ ಹಂಪಿಯ ಬೇಸಿಗೆಯಲ್ಲಿ ಈ ಅಂಗಿ ತೊಟ್ಟು ನಿಲ್ಲುವುದು ಅಪಾಯ. ಬೆಳಿಗ್ಗೆ ಬೇಗ ಅಥವಾ ಸಂಜೆ ಮಾತ್ರ ಚಿತ್ರೀಕರಣ, ಶಾಟ್ ಮುಗಿದ ಕೂಡಲೇ ಕಸೆ ಬಿಚ್ಚುವುದು, ನೀರು, ಮಜ್ಜಿಗೆ. ಇದರಲ್ಲಿ ರಾಜಿ ಇಲ್ಲ. ಯಾವ ನಿಖರತೆಯೂ ಒಬ್ಬ ಮನುಷ್ಯ ತಲೆಸುತ್ತಿ ಬೀಳುವುದಕ್ಕಿಂತ ದೊಡ್ಡದಲ್ಲ.

ಕುಲ್ಲಾಯಿಯಂತೂ ಛಾಯಾಗ್ರಾಹಕರ ನಿದ್ದೆ ಕೆಡಿಸಿತು. ಎರಡು ಗೇಣು ಅಂದರೆ ಸುಮಾರು ಒಂದೂವರೆ ಅಡಿ. ಅಗಲವಾದ ಚೌಕಟ್ಟಿನಲ್ಲಿ ಮುಖ ಹತ್ತಿರ ತಂದರೆ ಟೋಪಿ ಕತ್ತರಿಸಿ ಹೋಗುತ್ತದೆ, ಟೋಪಿ ಪೂರ್ತಿ ಇಟ್ಟರೆ ಮುಖ ಸಣ್ಣದಾಗುತ್ತದೆ. ಮೊದಲು ಇಡೀ ಎತ್ತರ ತೋರಿಸಿ, ಆಮೇಲೆ ಹತ್ತಿರ ಹೋಗಿ ಎಂದು ಕೇಳಿಕೊಂಡೆ, ಹಾಗೇ ಮಾಡಿದರು. ಟೋಪಿ ನೆಟ್ಟಗೆ ನಿಲ್ಲಲು ಒಳಗೆ ಬಕ್ರಮ್ ಎಂಬ ಗಡುಸು ಬಟ್ಟೆ, ಅದರ ಕೆಳಗೆ ಬೆವರು ಹೀರಲು ಹತ್ತಿಯ ಪಟ್ಟಿ. ಧ್ವನಿಯವರಿಗೆ ಮಾತ್ರ ಈ ಟೋಪಿ ವರವಾಯಿತು. ಪೂಜೆಯ ದೃಶ್ಯದಲ್ಲಿ ಎದೆ ತೆರೆದ ನಟನಿಗೆ ಮೈಕ್ ಸಿಕ್ಕಿಸಲು ಜಾಗವೇ ಇರಲಿಲ್ಲ, ಟೋಪಿಯ ಅಂಚಿನೊಳಗೆ ಕೂರಿಸಿದರು.

ಬಟ್ಟೆ ಮುಗಿದ ಮೇಲೆ ಮೈ ನೋಡಬೇಕು. ವಾಚಿನ ಬಿಳಿ ಗುರುತು, ಕನ್ನಡಕದ ಗುರುತು, ತೋಳಿನ ಲಸಿಕೆಯ ಕಲೆ, ಬನಿಯನ್ನಿನ ಬಿಸಿಲುಗೆರೆ. ಎದೆ ತೆರೆದ ದೃಶ್ಯದಲ್ಲಿ ಇವೆಲ್ಲ ಕಾಣುತ್ತವೆ, ಮೇಕಪ್‌ನವರಿಗೆ ಮೊದಲೇ ಹೇಳಿರಬೇಕು. ಉಡುಪಿನವರ ಮಾತು ಸೆಟ್ಟಿಗೂ ಸ್ವಲ್ಪ ದಾಟುವುದು ಒಳ್ಳೆಯದು. ಮಂಟಪಕ್ಕೆ ಚೆಂಡು ಹೂವಿನ ಹಾರ ಕಟ್ಟಿದ್ದರು, ತೆಗೆಸಿದೆ. ಚೆಂಡು ಹೂವು ಅಮೆರಿಕ ಖಂಡದ ಗಿಡ. ಕೃಷ್ಣದೇವರಾಯನ ಅರಮನೆಗೆ ಮಲ್ಲಿಗೆ, ಸಂಪಿಗೆ, ತಾವರೆ ಸಾಕು.

ಇಂಥ ಕೆಲಸಕ್ಕೆ ಕೈ ಹಾಕುವವರು ದುಡ್ಡನ್ನು ಮೊದಲು ಟೋಪಿಗೆ, ಆಮೇಲೆ ಕಬಾಯಿಯ ಬಟ್ಟೆಗೆ ಹಾಕಿ. ಒಡವೆ ಕೊನೆಗಿರಲಿ, ಅದು ಬಾಡಿಗೆಗೆ ಸಿಗುತ್ತದೆ. ಲೇಪಾಕ್ಷಿಗೆ ಹೋದಾಗ ಬಣ್ಣದ ಚೀಟಿಗಳ ಒಂದು ಕಟ್ಟು ಜೊತೆಗಿರಲಿ. ಫೋಟೋದ ಬಣ್ಣವನ್ನು ನಂಬಬೇಡಿ, ಚಾವಣಿ ನೋಡುತ್ತಾ ಅಲ್ಲೇ ಚೀಟಿ ಹೊಂದಿಸಿ ಗುರುತು ಹಾಕಿಕೊಳ್ಳಿ.