ಕೋಪನ್‌ಹೇಗನ್‌ಗೆ ಹೊಸದಾಗಿ ಬಂದವರಿಗೆ: 1943ರ ಅಕ್ಟೋಬರ್ ಕಥೆ

ಸಿಪಿಆರ್ ನಂಬರ್ (ಇಲ್ಲಿನ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆ, ಸೈಕಲ್ ಬಗ್ಗೆ ನಿಮಗೆ ಹತ್ತು ಜನ ಹೇಳಿಕೊಡುತ್ತಾರೆ. ನಾನು ಬೇರೆ ಎರಡು ಮಾತು ಹೇಳುತ್ತೇನೆ. ಹಾಲುಕ್ಕಿಸಿದ ಖುಷಿಯಲ್ಲಿ ಹೊರಬಾಗಿಲಿನ ಮೇಲೆ ಸ್ವಸ್ತಿಕ ಬರೆಯಬೇಡಿ, ಇಲ್ಲಿನವರ ಕಣ್ಣಿಗೆ ಅದು ಹಿಟ್ಲರ್‌ನ ನಾಜಿಗಳ ಗುರುತು. ದೇವರ ಗೂಡಿನ ಹತ್ತಿರ ಬರೆದುಕೊಳ್ಳಿ, ಸಾಕು. ಸಿಡುಕು ಬಾಸ್‌ಗೆ ಸುಮ್ನೆ ತಮಾಷೆಗೆ "ಹಿಟ್ಲರ್" ಅನ್ನುವ ಅಭ್ಯಾಸವನ್ನೂ ಊರಲ್ಲೇ ಬಿಟ್ಟು ಬನ್ನಿ. ನಾಜಿಗಳ ಕಾಲ ಕಂಡ ಅಜ್ಜಿ ನಿಮ್ಮ ಮೇಲಿನ ಮಹಡಿಯಲ್ಲೇ ಇರಬಹುದು.

ಹಿಟ್ಲರ್‌ನ ಜರ್ಮನ್ ಸೇನೆ ಡೆನ್ಮಾರ್ಕ್‌ಗೆ ಬಂದದ್ದು 1940ರ ಏಪ್ರಿಲ್ 9ರಂದು. ಇಲ್ಲಿನ ಸರ್ಕಾರ ಮೂರು ವರ್ಷ ಅವರ ಜೊತೆ ಹೇಗೋ ಹೊಂದಿಕೊಂಡು ಹೋಯಿತು. ಅಲ್ಲಿವರೆಗೆ ಜರ್ಮನ್ನರು ಡೇನಿಷ್ ಯಹೂದಿಗಳ ತಂಟೆಗೆ ಬಂದಿರಲಿಲ್ಲ. 1943ರ ಆಗಸ್ಟ್‌ನಲ್ಲಿ ಆ ಹೊಂದಾಣಿಕೆ ಮುರಿದುಬಿತ್ತು. ಯಹೂದಿಗಳನ್ನು ಹಿಡಿದೊಯ್ಯುವ ಯೋಜನೆಯ ಸುಳಿವು ಕೊಟ್ಟವನು ಜರ್ಮನ್ ಅಧಿಕಾರಿಯೇ, ಡುಕ್‌ವಿಟ್ಜ್ ಅಂತ. ಸೆಪ್ಟೆಂಬರ್ 29ರ ಬೆಳಿಗ್ಗೆ ಕ್ರಿಸ್ಟಲ್‌ಗೇಡ್ ಬೀದಿಯ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ರಬ್ಬಿ, ಅಂದರೆ ಯಹೂದಿ ಧರ್ಮಗುರು, ಮಾರ್ಕಸ್ ಮೆಲ್ಕಿಯೋರ್ ಪ್ರಾರ್ಥನೆ ನಿಲ್ಲಿಸಿ, ಎಲ್ಲರೂ ಅಡಗಿಕೊಳ್ಳಿ ಎಂದರು.

ಆಗ ಹರ್ಬರ್ಟ್ ಪುಂಡಿಕ್ ಅನ್ನುವ ಯಹೂದಿ ಹುಡುಗನಿಗೆ 16 ವರ್ಷ. ಫ್ರೆಂಚ್ ಪಾಠ ನಡೆಯುತ್ತಿತ್ತು. ಹೆಡ್‌ಮಾಸ್ಟರ್ ಒಳಗೆ ಬಂದು ಯಹೂದಿ ಹುಡುಗರನ್ನು ಮನೆಗೆ ಕಳಿಸಿಬಿಟ್ಟರು. ಹುಡುಗ ಮನೆಯವರ ಜೊತೆ ಸಮುದ್ರ ದಾಟಿ, ಯುದ್ಧಕ್ಕೆ ಇಳಿಯದ ಸ್ವೀಡನ್ ಸೇರಿದ, ಯುದ್ಧ ಮುಗಿದ ಮೇಲೆ ಹಿಂತಿರುಗಿದ. ಮುಂದೆ ವರ್ಷಗಟ್ಟಲೆ 'ಪೊಲಿಟಿಕೆನ್' ಪತ್ರಿಕೆಯ ಸಂಪಾದಕನಾಗಿದ್ದ. ಹೀಗೆ ದಾಟಿದ ಯಹೂದಿಗಳು ಸುಮಾರು 7,200. ಬಿಸ್ಪೆಬ್ಯರ್ಗ್ ಆಸ್ಪತ್ರೆಯವರು ಬಂದವರನ್ನೆಲ್ಲ ರೋಗಿಗಳ ಲೆಕ್ಕದಲ್ಲಿ ಇಟ್ಟುಕೊಂಡು, ಆಂಬ್ಯುಲೆನ್ಸ್‌ನಲ್ಲಿ ಸಮುದ್ರದ ಕಡೆಗೆ ಸಾಗಿಸಿದರು.

ವಾಟ್ಸಾಪ್‌ನಲ್ಲಿ ಇನ್ನೊಂದು ಕಥೆ ಬರುತ್ತಿರುತ್ತದೆ: ನಾಜಿಗಳು ಯಹೂದಿಗಳ ಬಟ್ಟೆ ಮೇಲೆ ಹಾಕಿಸುತ್ತಿದ್ದ ಹಳದಿ ನಕ್ಷತ್ರವನ್ನು ಡೆನ್ಮಾರ್ಕ್ ರಾಜ ತಾನೂ ಧರಿಸಿ ಕುದುರೆ ಮೇಲೆ ಬಂದನಂತೆ. ಅದು ಸುಳ್ಳು. ಡೆನ್ಮಾರ್ಕ್‌ನಲ್ಲಿ ಯಹೂದಿಗಳು ಆ ನಕ್ಷತ್ರ ಧರಿಸಬೇಕೆಂಬ ಆಜ್ಞೆಯೇ ಇರಲಿಲ್ಲ. ಮೀನುಗಾರರು ಪುಕ್ಕಟೆ ಸಾಗಿಸಿದರು ಅನ್ನುವುದೂ ಪೂರ್ತಿ ನಿಜವಲ್ಲ. ತಲೆಗೆ ಸಾವಿರ ಕ್ರೋನರ್, ಅದಕ್ಕೂ ಜಾಸ್ತಿ ತೆಗೆದುಕೊಂಡವರಿದ್ದರು. ಸಿಕ್ಕಿಬಿದ್ದರೆ ಅವರ ದೋಣಿಯೂ ಹೋಗುತ್ತಿತ್ತು, ಅಲ್ವಾ? ನನಗಂತೂ ಅದು ತಪ್ಪು ಅನ್ನಿಸುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದವರಿಗೆ ಊರವರು ಚಂದಾ ಎತ್ತಿದರು.

ಶನಿವಾರ ಬಿಡುವಿದ್ದರೆ ಹಿಲ್ಲರೋಡ್‌ನಿಂದ ಸಣ್ಣ ರೈಲು ಹತ್ತಿ ಗಿಲ್ಲೆಲೈ ಅನ್ನುವ ಮೀನುಗಾರರ ಊರಿಗೆ ಹೋಗಿ. ಅಲ್ಲಿನ ಚರ್ಚ್‌ನ ಅಟ್ಟದಲ್ಲಿ ಅಡಗಿದ್ದ ಸುಮಾರು 80 ಜನ ಗೆಸ್ಟಾಪೊ (ನಾಜಿಗಳ ಗುಪ್ತ ಪೊಲೀಸ್) ಕೈಗೆ ಸಿಕ್ಕಿದರು. ಹಾಗೆ ಹಿಡಿದವರನ್ನು ತೆರೇಜಿಯನ್‌ಸ್ಟಾಟ್ ಅನ್ನುವ ನಾಜಿ ಸೆರೆ ಶಿಬಿರಕ್ಕೆ ಕಳಿಸುತ್ತಿದ್ದರು.

ಕ್ರಿಸ್ಟಲ್‌ಗೇಡ್‌ನ ಸಿನಗಾಗ್ ಮುಂದೆ ಕಾವಲಿರುತ್ತದೆ. 2015ರಲ್ಲಿ ಅಲ್ಲಿ ಗುಂಡು ಹಾರಿ ಕಾವಲಿಗಿದ್ದ ಒಬ್ಬರು ಸತ್ತರು. ಕೇಳದೆ ಫೋಟೋ ತೆಗೆಯಬೇಡಿ. ಹೆಲ್ಸಿಂಗರ್‌ನಿಂದ ಸ್ವೀಡನ್‌ನ ಹೆಲ್ಸಿಂಗ್‌ಬೋರಿಗೆ ಈಗ ಫೆರಿಯಲ್ಲಿ 20 ನಿಮಿಷ. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡನ್ನೂ ಮರೆಯದೆ ಇಟ್ಟುಕೊಳ್ಳಿ.